ಮಕ್ಕಳಿಗೂ ಒಂದು ಸಂಘ

ನಾವು ವಾರಕ್ಕೊಮ್ಮೆ ಸಂಘದಲ್ಲಿ ಸೇರುತ್ತೇವೆ. ಉಳಿತಾಯದ ಹಣ ಕಟ್ಟುತ್ತೇವೆ. ಕಷ್ಟಸುಖ ಮಾತಾಡುತ್ತೇವೆ. ಮೊದಮೊದಲು ಎದ್ದು ನಿಂತು ಹೆಸರು ಹೇಳಲಿಕ್ಕೂ ನಮಗೆ ನಾಚಿಕೆ. ಈಗ ಪಂಚಾಯಿತಿಗೆ ಹೋಗಿ ನೀರು ಕೇಳುತ್ತೇವೆ. ಈ ಧೈರ್ಯ ಎಲ್ಲಿಂದ ಬಂತು? ಕೂಡಿ ಕೂತಿದ್ದರಿಂದ ಬಂತು.

ನಮ್ಮ ಮಕ್ಕಳಿಗೂ ಶಾಲೆಯಲ್ಲಿ ಇಂಥ ಸಂಘ ಬೇಡವೇ?

ಮಗು ಯಾಕೆ ಶಾಲೆ ಬಿಡುತ್ತದೆ?

ಕೆಲವು ಮಕ್ಕಳಿಗೆ ಪಾಠ ಬೇಗ ತಲೆಗೆ ಹತ್ತುವುದಿಲ್ಲ. ಅವು ಹಿಂದೆ ಕೂರುತ್ತವೆ. ಯಾರೂ ಮಾತಾಡಿಸುವುದಿಲ್ಲ. ಅದೇ ಮಗು ಚೆನ್ನಾಗಿ ಹಾಡಬಹುದು. ಗಿಡ ಬೆಳೆಸಬಹುದು. ಚಿತ್ರ ಬರೆಯಬಹುದು. ಅದನ್ನು ನೋಡುವವರು ಯಾರು?

ಹೆಣ್ಣುಮಕ್ಕಳಿಗೆ ತೊಂದರೆ ಇನ್ನೂ ಹೆಚ್ಚು. "ತಮ್ಮನ್ನ ನೋಡ್ಕೋ" ಅಂತೀವಿ. "ದೊಡ್ಡವಳಾದೆ, ಮನೇಲಿರು" ಅಂತೀವಿ. ಎರಡು ದಿನ ಶಾಲೆ ತಪ್ಪುತ್ತದೆ. ಪಾಠ ಮುಂದೆ ಹೋಗುತ್ತದೆ. ಹುಡುಗಿಗೆ ಹೆದರಿಕೆ ಆಗುತ್ತದೆ. ಎರಡು ದಿನ ಎರಡು ತಿಂಗಳಾಗುತ್ತದೆ. ಆಮೇಲೆ ಮನೆಯಲ್ಲಿ ಮದುವೆಯ ಮಾತು ಶುರು! 18 ತುಂಬದ ಹುಡುಗಿಗೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧ.

ಮೀನಾಳ ಕಥೆ

1990ರ ದಶಕದಲ್ಲಿ ಯುನಿಸೆಫ್ ಸಂಸ್ಥೆ ಮೀನಾ ಎಂಬ ಹುಡುಗಿಯ ಕಾರ್ಟೂನ್ ಕಥೆಗಳನ್ನು ಮಾಡಿತು. ಒಂದು ಕಥೆಯಲ್ಲಿ ತಮ್ಮ ರಾಜು ಶಾಲೆಗೆ ಹೋಗುತ್ತಾನೆ. ಮೀನಾ ಮನೆಯಲ್ಲೇ ಇರುತ್ತಾಳೆ. ಅವಳ ಗಿಳಿ ಶಾಲೆಯ ಪಾಠ ಕೇಳಿ ಬಂದು ಅವಳಿಗೆ ಲೆಕ್ಕ ಕಲಿಸುತ್ತದೆ. ಮೀನಾ ಮನೆಯ ಕೋಳಿಗಳನ್ನು ಎಣಿಸುತ್ತಾಳೆ. ಒಂದು ಕಡಿಮೆ! ಕಳ್ಳ ಸಿಕ್ಕಿಬೀಳುತ್ತಾನೆ. ಆಗ ಮನೆಯವರಿಗೆ ಬುದ್ಧಿ ಬರುತ್ತದೆ.

ಅವಳ ಹೆಸರಿನಲ್ಲಿ ನಮ್ಮ ರಾಜ್ಯದ ಹಲವು ಸರ್ಕಾರಿ ಶಾಲೆಗಳಲ್ಲಿ ಮೀನಾ ತಂಡ ಕಟ್ಟಿದರು. ಗೆಳತಿ ಶಾಲೆಗೆ ಬರಲಿಲ್ಲವೇ? ತಂಡದ ಹುಡುಗಿಯರು ಮನೆಗೆ ಹೋಗಿ "ಯಾಕೆ ಬರಲಿಲ್ಲ?" ಎಂದು ಕೇಳುತ್ತಾರೆ. ಕರೆಯಲು ಗೆಳತಿಯರು ಬಂದರೆ ಹೆದರಿದ ಹುಡುಗಿಗೂ ಧೈರ್ಯ ಬರುತ್ತದೆ.

ಸಂಘ ಕಟ್ಟುವುದು ಹೇಗೆ?

1. ಏನು ಇಷ್ಟ ಎಂದು ಮಕ್ಕಳನ್ನೇ ಕೇಳಬೇಕು. ತೋಟ, ಹಾಡು, ನಾಟಕ, ಆಟ, ಕಥೆ ಪುಸ್ತಕ, ಯಾವುದಾದರೂ ಸರಿ.
2. ವಾರದಲ್ಲಿ ಒಂದು ದಿನ, ಒಂದು ಗಂಟೆ ಗೊತ್ತು ಮಾಡಬೇಕು. ಶಾಲೆಯ ವೇಳೆಯಲ್ಲೇ ಆದರೆ ಒಳ್ಳೆಯದು. ಸಂಜೆ ಇಟ್ಟರೆ ದೂರದ ಹುಡುಗಿಯರು ಉಳಿಯಲಾರರು.
3. ಒಬ್ಬ ಟೀಚರು ಜೊತೆಗಿರಬೇಕು. ಕೆಲಸ ಮಕ್ಕಳೇ ಮಾಡಬೇಕು.
4. ಲೀಡರ್ ಸರದಿ ಪ್ರಕಾರ ಬದಲಾಗಬೇಕು. ಕಸ ಗುಡಿಸುವುದು ಹುಡುಗಿಯರಿಗೆ, ಲೀಡರ್ ಆಗುವುದು ಹುಡುಗರಿಗೆ ಎಂದಾಗಬಾರದು. ಜಾತಿ ನೋಡಬಾರದು.
5. ಯಾರು ಬಂದರು, ಏನು ಮಾಡಿದರು ಎಂದು ಮಕ್ಕಳೇ ಒಂದು ಪುಸ್ತಕದಲ್ಲಿ ಬರೆದಿಡಬೇಕು.

ದುಡ್ಡು ಹೆಚ್ಚು ಬೇಕಿಲ್ಲ. ಕೈ ತೊಳೆದ ನೀರಿನಲ್ಲಿ ನುಗ್ಗೆ, ಕರಿಬೇವು ಬೆಳೆಯಬಹುದು. ಅದು ಬಿಸಿಯೂಟದ ಸಾರಿಗೆ ಆಗುತ್ತದೆ.

"ಹೀಗೆ ಆಡ್ಕೊಂಡಿದ್ರೆ ಓದೋದು ಯಾವಾಗ?" ಎಂದು ಕೆಲವರು ಕೇಳುತ್ತಾರೆ. ಪಾತಿ ಅಳೆಯುವುದು ಲೆಕ್ಕವೇ. ನಾಟಕದ ಮಾತು ಬರೆಯುವುದು ಕನ್ನಡ ಪಾಠವೇ. ಎಲ್ಲಕ್ಕಿಂತ ಮೊದಲು, ಮಗು ಶಾಲೆಗೆ ಬಂದರೆ ತಾನೇ ಓದು?

ನಮ್ಮ ಪಾಲು ಏನು?

2009ರಲ್ಲಿ ಶಿಕ್ಷಣ ಹಕ್ಕು ಕಾನೂನು ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಹಕ್ಕು. ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ ಅಥವಾ ಪೋಷಕರು ಇರಬೇಕು. ಅರ್ಧ ಜನ ಹೆಂಗಸರು ಇರಬೇಕು. ನಮ್ಮಲ್ಲಿ ಇದನ್ನು ಎಸ್‌ಡಿಎಂಸಿ ಅನ್ನುತ್ತೇವೆ. ಅಲ್ಲಿ ಸಹಿ ಹಾಕಿ ಬಂದರೆ ಸಾಲದು. ಬಾಯಿಬಿಟ್ಟು ಕೇಳಬೇಕು.

ಕೈಯಿಂದಲೂ ಕೊಡಬೇಕು. ಒಬ್ಬರು ಸೊಪ್ಪಿನ ಬೀಜ ಕೊಡೋಣ. ಒಬ್ಬರು ಸೋಬಾನೆ ಪದ ಕಲಿಸೋಣ. ಸಂಘದ ದಿನ ಮಗಳಿಗೆ ಮನೆಗೆಲಸ ಹೇಳದೆ ಕಳಿಸೋಣ.

ಮಾತಾಡೋಣ

ನಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗಿ ಯಾರು? ಯಾಕೆ ಬಿಟ್ಟಳು? ಅವಳ ಮನೆಗೆ ಯಾರು ಹೋಗುತ್ತೀರಿ?

ಬರೆಯೋಣ

ನಮ್ಮ ಶಾಲೆಯಲ್ಲಿ ಮಕ್ಕಳ ಸಂಘ ಬೇಕು.

ಇದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಹಾಕಿ. ದೊಡ್ಡ ಮೇಷ್ಟ್ರ ಕೈಗೆ ಕೊಡಿ.