ಶನಿವಾರದ ಬಟವಾಡೆ, ಭಾನುವಾರದ ದಶಮಾಂಶ

ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೆಯಿರಿ. ಅಕ್ವಿಲ, ಪ್ರಿಸ್ಕಿಲ್ಲ ಗಂಡ ಹೆಂಡತಿ, ಗುಡಾರ ಮಾಡುವ ಕಸುಬಿನವರು. ಪೌಲನದೂ ಅದೇ ಕಸುಬು, ಅದಕ್ಕೇ ಕೊರಿಂಥದಲ್ಲಿ ಅವರ ಜೊತೆ ಇದ್ದು ದುಡಿದ. ನಮ್ಮ ಭಾಷೇಲಿ ಹೇಳೋದಾದ್ರೆ ಅದೊಂದು ಫ್ಯಾಮಿಲಿ ಬಿಸಿನೆಸ್. ಮುಂದೆ ಅವರ ಮನೆಯಲ್ಲೇ ಸಭೆ ಕೂಡುತ್ತಿತ್ತು.

ನಮ್ಮ ನಾಡಲ್ಲೂ ನೋಡಿ. ಮಂಗಳೂರಿನ ಕಡೆ ದೀಕ್ಷಾಸ್ನಾನ ತಗೊಂಡವರು ಜಾತಿಯಿಂದ ಹೊರಗಾಗಿ ಮನೆತನದ ಕಸುಬನ್ನೇ ಕಳ್ಕೋತಿದ್ದರು. ಬಾಸೆಲ್ ಮಿಷನ್‌ನವರು ನೇಯ್ಗೆ, ಮುದ್ರಣ ಶುರು ಮಾಡಿದ್ರು. 1865ರಲ್ಲಿ ಹೆಂಚಿನ ಕಾರ್ಖಾನೆ. ನಂಬಿದವರ ಅನ್ನದ ಪ್ರಶ್ನೆಯನ್ನ ಸಭೆಯ ಹೊರಗೆ ಬಿಡಲಿಲ್ಲ. (ಎಲ್ಲಾ ಸರಿ ಇತ್ತು ಅಂತಲ್ಲ. ಸಭೆಯೇ ಯಜಮಾನ ಆದ್ರೆ ಅದರ ಕಷ್ಟ ಬೇರೆ.)

ಈಗ ನನ್ನ ಸಾಕ್ಷಿ. ಬೈಬಲ್ ಕಾಲೇಜಿಂದ ಬಂದ ಹೊಸದರಲ್ಲಿ ಕಾಮಾಕ್ಷಿಪಾಳ್ಯದಲ್ಲಿ ನಮ್ಮಪ್ಪನ ಲೇತ್ ವರ್ಕ್‌ಶಾಪಿನ ಲೆಕ್ಕ ನಾನು ನೋಡ್ತಿದ್ದೆ. ಗೋಡೆ ಮೇಲೆ ವಾಕ್ಯದ ಕ್ಯಾಲೆಂಡರ್, ಮೆಷಿನ್ ಆನ್ ಮಾಡೋ ಮುಂಚೆ ಪ್ರಾರ್ಥನೆ, ಎಲ್ಲಾ ಇತ್ತು. ಒಂದು ಶನಿವಾರ ಪಾರ್ಟಿಯಿಂದ ಪೇಮೆಂಟ್ ಬರಲಿಲ್ಲ. ಕೈಯಲ್ಲಿ ಸ್ವಲ್ಪವೇ ದುಡ್ಡು. ಬಟವಾಡೆ ಸೋಮವಾರ ಅಂತ ಹುಡುಗರಿಗೆ ಹೇಳಿ ಕಳಿಸಿದೆ. ಮಾರನೇ ಬೆಳಿಗ್ಗೆ ದಶಮಾಂಶದ ಕವರ್ ಹಿಡ್ಕೊಂಡು ಹೊರಟಾಗ ಅಪ್ಪ ಬಾಗಿಲಲ್ಲೇ ಕೇಳಿದರು, "ಇದು ಯಾರ ದುಡ್ಡು ಮಗಾ?"

"ದೇವರ ಪಾಲು ಅಪ್ಪಾ" ಅಂದೆ, ಸ್ವಲ್ಪ ಕೋಪದಲ್ಲೇ.

"ಯಾಜಕಕಾಂಡ 19:13 ಓದ್ಕೊಂಡು ಹೋಗು."

ದಿನಗೂಲಿಯವನ ದುಡ್ಡನ್ನ ಬೆಳಗಿನ ತನಕ ಇಟ್ಟುಕೊಳ್ಳೋದನ್ನ ಅಲ್ಲಿ ಕಳ್ಳತನದ ಪಕ್ಕದಲ್ಲೇ ಹೇಳಿದೆ. ಅದೇ ಪುಸ್ತಕದ ಪರೀಕ್ಷೆ ಬರೆದು ಡಿಪ್ಲೊಮಾ ತಗೊಂಡವನು ನಾನು! ಆ ಭಾನುವಾರ ಆರಾಧನೆಗೆ ತಡವಾಗಿ ಬಂದೆ. ಮೊದಲು ಸುಂಕದಕಟ್ಟೆಯಲ್ಲಿ ಎರಡು ಮನೆಗೆ ಹೋಗಬೇಕಾಯ್ತು. ಒಂದು ಮನೆಯಲ್ಲಿ ಗ್ಯಾಸ್ ಮುಗಿದು ಎರಡು ದಿನ ಆಗಿತ್ತು.

"ಬ್ರದರ್, ನಮಗೇ ಬಾಕಿ ಇಟ್ಟಿದಾರೆ, ಎಲ್ಲಿಂದ ಕೊಡೋಣ?" ಅಂತೀರಾ. ನ್ಯಾಯವಾದ ಮಾತು. ನೋಂದಣಿ ಆಗಿರೋ ಸಣ್ಣ ಘಟಕಕ್ಕೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇದೆ. ಪ್ರಾರ್ಥನೆಯನ್ನೂ ಮಾಡಿ, ಪತ್ರವನ್ನೂ ಬರೀರಿ. ಆದ್ರೆ ಪಾರ್ಟಿಯ ತಪ್ಪಿಗೆ ಹೆಲ್ಪರ್ ಹುಡುಗನನ್ನ ಕಾಯಿಸಬೇಡಿ.

ಅಪ್ಪನ ಅಂಗಡಿ, ವರ್ಕ್‌ಶಾಪ್ ಲೆಕ್ಕ ನೋಡ್ಕೊಳ್ತಿರೋ ಮಕ್ಕಳು ಈಗ ಮುಂದೆ ಬನ್ನಿ. ಯಾರಿಗೆ ಬಾಕಿ ಇದೆಯೋ ಅವರ ಹೆಸರು ಮನಸ್ಸಲ್ಲಿ ಇಟ್ಟುಕೊಳ್ಳಿ. ಪ್ರಾರ್ಥಿಸೋಣ.