ಚಾರಣಕ್ಕೆ ಚಿಕ್ಕ ಕ್ಯಾಮೆರಾ ಸಾಕೇ?

ಎವರೆಸ್ಟ್ ಬೇಸ್ ಕ್ಯಾಂಪ್ ಹಾದಿಗೆ ಡಿಎಸ್‌ಎಲ್‌ಆರ್ ಹೊರಲೇ, ಕಾಂಪ್ಯಾಕ್ಟ್ ಸಾಕೇ ಎಂದು ಕೇಳಿದ್ದೀರಿ. ಕಾಂಪ್ಯಾಕ್ಟೇ ಒಯ್ಯಿರಿ. 5,364 ಮೀಟರ್ ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು. ಏದುಸಿರಿನಲ್ಲಿ ಬೆನ್ನಚೀಲ ಇಳಿಸಿ, ಜಿಪ್ ಎಳೆದು, ಲೆನ್ಸ್ ಬದಲಿಸುವಷ್ಟರಲ್ಲಿ ಅಮಾ ದಬ್ಲಾಮ್ ಶಿಖರದ ಮೇಲಿನ ಸಂಜೆಬೆಳಕು ಜಾರಿರುತ್ತದೆ. ಸೊಂಟಪಟ್ಟಿಯ ಮುನ್ನೂರು ಗ್ರಾಂ ಕ್ಯಾಮೆರಾ ಆಗಲೇ ಕೆಲಸ ಮುಗಿಸಿರುತ್ತದೆ.

ಸೆನ್ಸರ್ ಚಿಕ್ಕದಲ್ಲವೇ ಎನ್ನುವಿರಿ. ನಿಜ, ಒಂದಿಂಚಿನ ಸೆನ್ಸರ್ ವಿಸ್ತೀರ್ಣದಲ್ಲಿ ಫುಲ್‌ಫ್ರೇಮಿನ ಏಳನೇ ಒಂದು ಪಾಲೂ ಇಲ್ಲ. ಆದರೆ ಆ ಕೊರತೆ ಎದ್ದು ಕಾಣುವುದು ಕತ್ತಲಲ್ಲಿ. ಹಿಮಾಲಯದ ಹಗಲಿನಲ್ಲಿ ಬೆಳಕಿಗೇನು ಬರ? (ನಕ್ಷತ್ರಗಳ ಹುಚ್ಚಿದ್ದರೆ ಮಾತು ಬೇರೆ.) ಅಲ್ಲಿ ಚಿತ್ರ ಕೆಡಿಸುವುದು ಹೆಚ್ಚಾಗಿ ಕ್ಯಾಮೆರಾದ ಬೆಳಕಳೆಯುವ ಮೀಟರ್: ಬಿಳಿ ಹಿಮವನ್ನು ಬೂದು ಎಂದೆಣಿಸಿ ಎಲ್ಲವನ್ನೂ ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ, ರಾ ಫೈಲಿನಲ್ಲಿ ತೆಗೆಯಿರಿ, ಹಿಸ್ಟೋಗ್ರಾಮ್ ಬಲಗೋಡೆಗೆ ಬಡಿಯದಂತೆ ನೋಡಿಕೊಳ್ಳಿ. ಮೊಬೈಲೇ ಸಾಲದೇ ಎನ್ನುವವರಿಗೆ ಒಂದೇ ಮಾತು: ಕೈಗವಸು ತೊಟ್ಟ ಬೆರಳಿಗೆ ಟಚ್‌ಸ್ಕ್ರೀನಿಗಿಂತ ಗುಂಡಿಯೇ ವಾಸಿ. ಕಾಂಪ್ಯಾಕ್ಟಿನ ನಿಜವಾದ ತೊಡಕು ಪುಟ್ಟ ಬ್ಯಾಟರಿ. ಚಳಿಗೆ ಬೇಗ ಸೋಲುತ್ತದೆ. ಇನ್ನೆರಡು ಒಯ್ದು, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಒಲೆ ಉರಿಯುವ ಲಾಡ್ಜಿಗೆ ಕಾಲಿಡುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಹನಿಗಟ್ಟುವುದಿದ್ದರೆ ಚೀಲದ ಮೇಲೆ ಹನಿಗಟ್ಟಲಿ.