ತೊಡೆಗೆ ಪಟ್ಟಿ

ಮಂಡಿ ಆಪರೇಷನ್ ಮಾಡಿಸಿಕೊಂಡವರು ಮೊದಲು ಗಾಬರಿಯಾಗುವುದು ತಮ್ಮ ತೊಡೆ ನೋಡಿ. ಹೊಲಿಗೆ ಬಿಚ್ಚುವ ಹೊತ್ತಿಗೆ ಪ್ಯಾಂಟಿನ ಒಂದು ಕಾಲು ಜೋಲಾಡುತ್ತಿರುತ್ತದೆ. ಮಾಗಡಿ ಕಡೆಯ ಹಳ್ಳಿಯೊಂದರ ಊರಹಬ್ಬದ ಕಬಡ್ಡಿಯಲ್ಲಿ ನನ್ನ ಬಲಮಂಡಿ ತಿರುಚಿ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಬೆಂಗಳೂರಿನಲ್ಲಿ ಹೊಸ ಲಿಗಮೆಂಟ್ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ಮರಳಿ, ಟೇಪು ಹಿಡಿದು ಅಳೆದರೆ ಎಡದ ತೊಡೆಗಿಂತ ಬಲದ್ದು ಮೂರು ಸೆಂಟಿಮೀಟರ್ ಸಣ್ಣ. ಜಿಮ್ ನಡೆಸುವವನಿಗೆ ಇದು ಮರ್ಯಾದೆಯ ಪ್ರಶ್ನೆಯೂ ಹೌದು.

ತೊಡೆ ಕರಗುವುದು ಬರೀ ಮಲಗಿದ್ದರಿಂದಲ್ಲ. ಮಂಡಿಯೊಳಗೆ ಊತ ಇರುವಷ್ಟು ದಿನ ತೊಡೆಯ ಮುಂಭಾಗದ ಸ್ನಾಯುವಿಗೆ ನರಗಳಿಂದ ಪೂರ್ತಿ ಆಜ್ಞೆ ಹೋಗುವುದೇ ಇಲ್ಲ. ನಾನು ಎಷ್ಟು ಹಲ್ಲು ಕಚ್ಚಿ ಬಿಗಿ ಹಿಡಿದರೂ ಅದು ಅರ್ಧಂಬರ್ಧ ಎದ್ದು ಸುಮ್ಮನಾಗುತ್ತಿತ್ತು. ಸ್ನಾಯು ಬೆಳೆಯಬೇಕಾದರೆ ಭಾರ ಎತ್ತಬೇಕು. ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ತೂಕದ ನೂರಕ್ಕೆ ಅರವತ್ತೆಪ್ಪತ್ತು ಭಾಗವಾದರೂ ಇರಬೇಕು ಎಂದು ನಾನೇ ಹುಡುಗರಿಗೆ ಪಾಠ ಹೇಳಿಕೊಂಡು ಬಂದವನು. ಹೊಸ ಲಿಗಮೆಂಟ್ ಹಾಕಿದ ಮಂಡಿಗೆ ಅಷ್ಟು ಭಾರ ಹೊರಿಸುವ ಹಾಗಿಲ್ಲ. ಸ್ನಾಯುವಿಗೆ ಬೇಕು, ಮಂಡಿಗೆ ಬೇಡ.

ರಾಮನಗರದ ಫಿಸಿಯೋ ಮೇಡಂ ಹೊರತೆಗೆದದ್ದು ಬಿಪಿ ನೋಡುವ ಪಟ್ಟಿಯನ್ನೇ ಅಗಲ ಮಾಡಿದಂಥ ಒಂದು ಪಟ್ಟಿ. ಬ್ಲಡ್ ಫ್ಲೋ ರಿಸ್ಟ್ರಿಕ್ಷನ್, ಬಾಯಿಮಾತಿನಲ್ಲಿ ಬಿಎಫ್‌ಆರ್. ತೊಡೆಯ ಬುಡಕ್ಕೆ ಕಟ್ಟಿ, ಗಾಳಿ ತುಂಬಿ, ರಕ್ತದ ಓಡಾಟವನ್ನು ಬಿಗಿ ಮಾಡಿ, ಐದಾರು ಕಿಲೋ ಭಾರದಲ್ಲಿ ಕಾಲು ಎತ್ತಿಸುವುದು. ಮನೆಯಲ್ಲಿ ಹೇಳಿದರೆ ಅವ್ವನಿಗೆ ನೆನಪಾದದ್ದು ಹಾವು. “ಹಾವು ಕಡ್ದಾಗ ಕಟ್ಟೋ ಹಂಗೆ ಕಟ್ಕಂಡು ಕಾಲು ಕಪ್ಪಾಗೋದ್ರೆ ಏನ್ಲಾ ಮಾಡ್ತೀಯ?”

ಅವ್ವನ ಭಯವನ್ನು ತಳ್ಳಿಹಾಕುವಂತಿಲ್ಲ. ಹಾವು ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿದು, ಆಸ್ಪತ್ರೆ ಸೇರುವಷ್ಟರಲ್ಲಿ ಕೈಕಾಲಿಗೇ ಕುತ್ತು ತಂದುಕೊಂಡವರಿದ್ದಾರೆ. ಹಾಗೆ ಕಟ್ಟಬೇಡಿ ಎಂದೇ ಈಗ ವೈದ್ಯರು ಹೇಳುವುದು. ಮೇಡಂ ಮಾಡಿದ್ದರಲ್ಲಿ ಎರಡು ವ್ಯತ್ಯಾಸ ಇದ್ದವು: ರಕ್ತ ಪೂರ್ತಿ ನಿಲ್ಲುವುದಿಲ್ಲ, ಪಟ್ಟಿ ಕೆಲವೇ ನಿಮಿಷ ಇರುತ್ತದೆ. ಕಣಕಾಲಿನ ಹತ್ತಿರ ಡಾಪ್ಲರ್ ಇಟ್ಟು ನಾಡಿಯ ಸದ್ದು ಕೇಳುತ್ತಾ ಗಾಳಿ ತುಂಬಿದರು. ನನಗೆ ಒತ್ತಡ 180ರ ಸುಮಾರಿಗೆ ಬಂದಾಗ ಸದ್ದು ನಿಂತಿತು. ಅದರ ನೂರಕ್ಕೆ ಅರವತ್ತು ಭಾಗ ಲೆಕ್ಕ ಹಾಕಿ 110ರ ಹತ್ತಿರ ಬಿಟ್ಟರು. ಸಾಮಾನ್ಯವಾಗಿ 40ರಿಂದ 80 ಭಾಗದೊಳಗೆ ಇಡುತ್ತಾರೆ; ತೋಳಿಗೆ ಕಡಿಮೆ, ಕಾಲಿಗೆ ಹೆಚ್ಚು. ಪಟ್ಟಿ ಅಗಲವಾದಷ್ಟೂ ಕಡಿಮೆ ಒತ್ತಡ ಸಾಕು. ಆದ್ದರಿಂದ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಆಗಿಬರುವುದಿಲ್ಲ.

ಒಳಗೆ ಬರುವ ರಕ್ತ ಕಡಿಮೆಯಾಗುತ್ತದೆ, ಹೊರಗೆ ಹೋಗುವ ರಕ್ತ ಹೆಚ್ಚುಕಡಿಮೆ ತಡೆದು ನಿಲ್ಲುತ್ತದೆ. ಹಳ್ಳದಿಂದ ಸಣ್ಣಗೆ ನೀರು ಬರುತ್ತಲೇ ಇದ್ದು ಕೋಡಿ ಮುಚ್ಚಿದ ಕೆರೆಯಂತೆ ತೊಡೆ ತುಂಬಿಕೊಳ್ಳುತ್ತದೆ. ಮೊದಲ ಸುತ್ತಿಗೆ ಮೂವತ್ತು ಸಲ, ಅರ್ಧ ನಿಮಿಷ ಬಿಡುವು, ಆಮೇಲೆ ಹದಿನೈದರಂತೆ ಮೂರು ಸುತ್ತು, ಒಟ್ಟು ಎಪ್ಪತ್ತೈದು. ಈ ಲೆಕ್ಕವನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಮೊದಲ ಇಪ್ಪತ್ತರವರೆಗೆ ‘ಇಷ್ಟೇನಾ?’ ಅನ್ನಿಸಿತು. ಎರಡನೇ ಸುತ್ತಿನ ಕೊನೆಯಲ್ಲಿ ತೊಡೆ ಉರಿಯತೊಡಗಿತು. ನಾಲ್ಕನೆಯದರಲ್ಲಿ ಐದು ಕಿಲೋ ಎತ್ತಲು ನಾನು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಉರಿ ಇರಬಹುದು, ಜೋಮು ಹಿಡಿದರೆ ಅಥವಾ ಪಾದ ಬಿಳಿಚಿಕೊಂಡರೆ ತಕ್ಷಣ ಗಾಳಿ ಬಿಡಬೇಕು ಎಂದಿದ್ದರು. ಪಟ್ಟಿ ಬಿಚ್ಚಿದಾಗಿನ ಸುಖ ಮಾತ್ರ ಹೇಳತೀರದು.

ಇದರ ಮೂಲ ಜಪಾನಿನಲ್ಲಿದೆ. ಯೋಶಿಯಾಕಿ ಸಾಟೋ ಎಂಬಾತ 1966ರಲ್ಲಿ ಬೌದ್ಧ ಪೂಜೆಯೊಂದರಲ್ಲಿ ಮಂಡಿ ಮಡಿಸಿ ಬಹಳ ಹೊತ್ತು ಕೂತಿದ್ದ. ಮೀನಖಂಡ ಜೋಮು ಹಿಡಿದು ಊದಿಕೊಂಡಿತು. ಕಸರತ್ತು ಮಾಡಿದಾಗ ಆಗುವ ಅನುಭವವೇ ಇದು, ರಕ್ತ ತಡೆದದ್ದರಿಂದ ಹೀಗಾಯಿತೇ ಎಂಬ ಯೋಚನೆ ಬಂದು ತನ್ನ ಕೈಕಾಲಿಗೇ ಪಟ್ಟಿ ಕಟ್ಟಿಕೊಂಡು ವರ್ಷಗಟ್ಟಲೆ ಪ್ರಯೋಗ ಮಾಡಿದ. 1973ರಲ್ಲಿ ಸ್ಕೀಯಿಂಗ್ ಮಾಡುವಾಗ ಕಾಲು ಮುರಿದುಕೊಂಡಾಗ ಪ್ಲಾಸ್ಟರ್ ಇದ್ದ ಕಾಲಿಗೇ ಇದನ್ನು ಬಳಸಿ ತೊಡೆ ಕರಗದಂತೆ ನೋಡಿಕೊಂಡನಂತೆ. ಅವನು ಇಟ್ಟ ಹೆಸರು ಕಾಟ್ಸು. ಒಬ್ಬನ ಕಥೆಯನ್ನೇ ನಂಬಿ ಕೂರಬೇಕಿಲ್ಲ. ಜಪಾನಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಯಸ್ಸು ದಾಟಿದ ಹೆಂಗಸರು 16 ವಾರ ಹಗುರ ಭಾರದಲ್ಲಿ ಪಟ್ಟಿ ಕಟ್ಟಿಕೊಂಡು ತೋಳು ಮಡಚಿದ್ದರು. ಅವರ ರಟ್ಟೆ ಭಾರ ಎತ್ತಿದವರಷ್ಟೇ ಬೆಳೆದಿತ್ತು.

ಯಾಕೆ ಹೀಗೆ? ಸ್ನಾಯುವಿನಲ್ಲಿ ನಿಧಾನದ ಎಳೆಗಳೂ ವೇಗದ ಎಳೆಗಳೂ ಇವೆ. ಹಗುರ ಕೆಲಸಕ್ಕೆ ನಿಧಾನದವು ಸಾಕು. ದೊಡ್ಡದಾಗಿ ಬೆಳೆಯಬಲ್ಲ ವೇಗದವು ಭಾರ ಬಿದ್ದಾಗ ಅಥವಾ ನಿಧಾನದವು ಸೋತಾಗ ಮಾತ್ರ ಏಳುತ್ತವೆ. ಆಮ್ಲಜನಕ ಕಡಿಮೆಯಾದರೆ ನಿಧಾನದವು ಬೇಗ ಸೋಲುತ್ತವೆ, ಐದು ಕಿಲೋಗೇ ವೇಗದವು ಕೆಲಸಕ್ಕಿಳಿಯಬೇಕಾಗುತ್ತದೆ. ಜೊತೆಗೆ ಹೊರಹೋಗದೆ ಉಳಿದ ತ್ಯಾಜ್ಯಗಳು, ಜೀವಕೋಶಗಳೊಳಗೆ ಸೇರುವ ನೀರು ಇವೂ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತವೆ ಎನ್ನುತ್ತಾರೆ. ಗ್ರೋತ್ ಹಾರ್ಮೋನ್ ಏರುವುದನ್ನೇ ಗುಟ್ಟು ಎಂದು ಮಾರುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಅದು ಏರುವುದು ನಿಜ, ಸ್ನಾಯು ಬೆಳೆಯುವುದು ಅದರಿಂದಲೇ ಎಂದು ತೋರಿಸಿದವರಿಲ್ಲ.

ನನ್ನ ದೊಡ್ಡಪ್ಪ ಹಳೇ ಗರಡಿ ಆಸಾಮಿ. ಕಟ್ಟಿದ ಪಟ್ಟಿ ನೋಡಿ ನಕ್ಕ. “ನಾವು ಮಟ್ಟಿ ಪಕ್ಕ ನಿಂತ್ಕಂಡು ಐನೂರು ಬಸ್ಕಿ ಹೊಡೀತಿದ್ವಲ್ಲಾ, ಯಾವ ಕಬ್ಬಿಣ ಇತ್ಲಾ ಅವಾಗ?” ಅವನ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹಗುರ ಭಾರವಾದರೂ ಇನ್ನು ಒಂದೂ ಆಗದು ಅನ್ನುವವರೆಗೆ ಎತ್ತಿದರೆ ಸ್ನಾಯು ಭಾರದಷ್ಟೇ ಬೆಳೆಯುತ್ತದೆ ಎಂದು ಈಚಿನ ಸಂಶೋಧನೆಗಳೂ ಹೇಳುತ್ತವೆ. ಐನೂರು ಬಸ್ಕಿಯ ದಣಿವನ್ನು ಪಟ್ಟಿ ಎಪ್ಪತ್ತೈದರಲ್ಲಿ ತರುತ್ತದೆ, ಅದೂ ಮಂಡಿಯನ್ನು ಸವೆಸದೆ. ಅಷ್ಟೇ ಅದರ ಹೆಚ್ಚುಗಾರಿಕೆ. ಐನೂರು ಬಸ್ಕಿ ಹೊಡೆಯಬಲ್ಲ ಮಂಡಿ ಇರುವವನಿಗೆ ಪಟ್ಟಿಯಿಂದ ದೊಡ್ಡ ಲಾಭವೇನಿಲ್ಲ.

ತೊಡೆ ತುಂಬಿಕೊಂಡಿತು. ಟೇಪಿನ ವ್ಯತ್ಯಾಸ ಬೆರಳಿನಷ್ಟಾದಾಗ ರಾಮದೇವರ ಬೆಟ್ಟ ಹತ್ತಿದೆ. ಮೆಟ್ಟಿಲು ಹತ್ತುವುದು ಸಲೀಸಾಯಿತು. ಇಳಿಯುವಾಗ ಬಲಗಾಲು ಪ್ರತಿ ಮೆಟ್ಟಿಲಿಗೂ ನಡುಗಿತು. ದಪ್ಪ ಬಂದಿತ್ತು, ಬಲ ಬಂದಿರಲಿಲ್ಲ. ಗಾತ್ರದಲ್ಲಿ ಪಟ್ಟಿ ಭಾರಕ್ಕೆ ಸರಿಸಮ ನಿಂತರೂ ಶಕ್ತಿಯಲ್ಲಿ ಭಾರ ಎತ್ತುವುದೇ ಮುಂದು ಎಂದು ಅಧ್ಯಯನಗಳೂ ಹೇಳುತ್ತವೆ. ಭಾರ ಎತ್ತುವುದು ನರಗಳಿಗೂ ಒಂದು ಕಲಿಕೆ, ಐದು ಕಿಲೋದಲ್ಲಿ ಅದನ್ನು ಕಲಿಯಲಾಗದು. ಡಾಕ್ಟರು ಒಪ್ಪಿದ ಮೇಲೆ ಮೆಲ್ಲಗೆ ಲೆಗ್ ಪ್ರೆಸ್ಸಿಗೆ, ಅಲ್ಲಿಂದ ಬಾರ್‌ಬೆಲ್‌ಗೆ ಹೋದೆ. ಪಟ್ಟಿ ವಾರಕ್ಕೊಮ್ಮೆಗೆ ಇಳಿಯಿತು, ಆಮೇಲೆ ನಿಂತಿತು.

ನಿಲ್ಲದೆ ಹೋದದ್ದು ಹುಡುಗರ ಕುತೂಹಲ. ಒಂದು ಸಂಜೆ ಜಿಮ್ಮಿಗೆ ಬಂದರೆ ಇಬ್ಬರು ರಟ್ಟೆಗೆ ಎಲಾಸ್ಟಿಕ್ ಬಿಗಿದುಕೊಂಡು ಕನ್ನಡಿ ಮುಂದೆ ಡಂಬೆಲ್ ಎತ್ತುತ್ತಿದ್ದರು, ಒಬ್ಬನ ಬೆರಳು ನೀಲಿ. ಮೊಬೈಲಿನಲ್ಲಿ ನೋಡಿದ್ದಂತೆ. ಜಪಾನಿನಲ್ಲಿ ತರಬೇತಾದವರ ಕೈಯಲ್ಲಿ ಸುಮಾರು 12,600 ಮಂದಿಗೆ ಮಾಡಿಸಿದ್ದರ ಸಮೀಕ್ಷೆ 2006ರಲ್ಲಿ ಬಂದಿದೆ: ನೂರಕ್ಕೆ 13 ಮಂದಿಗೆ ಚರ್ಮದಡಿ ರಕ್ತ ಸೋರಿ ಕಂದಿತ್ತು, ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಜೋಮು, ಹತ್ತು ಸಾವಿರಕ್ಕೆ ಐದಾರು ಮಂದಿಗೆ ರಕ್ತನಾಳದಲ್ಲಿ ಹೆಪ್ಪು. ತರಬೇತಾದವರ ಲೆಕ್ಕವೇ ಇದು. ಎಲಾಸ್ಟಿಕ್ ಬಿಗಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವತ್ತಿನಿಂದ ಅಳತೆಯಿಲ್ಲದ ಪಟ್ಟಿಗೆ ನನ್ನ ಜಿಮ್ಮಿನಲ್ಲಿ ಜಾಗವಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದವರು, ಹತೋಟಿಯಲ್ಲಿಲ್ಲದ ಬಿಪಿ ಇರುವವರು, ಬಸುರಿಯರು ಬಂದರೆ ಅಳತೆ ಇದ್ದರೂ ಇಲ್ಲ.

ಈ ಪಟ್ಟಿ ಯಾರಿಗೆ ಎಂದರೆ ನನ್ನ ಕಣ್ಣಿಗೆ ಬರುವುದು ಸ್ಪೋರ್ಟ್ಸ್ ಶೂ ಹಾಕಿದವರಲ್ಲ. ರಾಮನಗರದ ಫಿಲೇಚರ್ ಒಂದರಲ್ಲಿ ಆಯುಷ್ಯವಿಡೀ ರೇಷ್ಮೆ ನೂಲು ತೆಗೆದ ಹಿರಿಯಮ್ಮ ಒಬ್ಬರು ಮಗನ ಜೊತೆ ಬಂದರು. ಮಂಡಿ ಸವೆದು ಕುರ್ಚಿಯಿಂದ ಏಳಲು ಕೈ ಊರಬೇಕು. ಬಿಪಿ ನೋಡಿದರೆ ಹೆಚ್ಚಿತ್ತು. ಡಾಕ್ಟರ ಹತ್ತಿರ ಕಳಿಸಿದೆ, ಮಾತ್ರೆ ಶುರುವಾಗಿ ಹತೋಟಿಗೆ ಬಂದ ಮೇಲೆ ಅವರ ಚೀಟಿ ಹಿಡಿದು ಮೇಡಂ ಬಳಿ ಪಟ್ಟಿ ಕಟ್ಟಿಸಿಕೊಂಡರು. ಚನ್ನಪಟ್ಟಣದ ಬೊಂಬೆ ಕೆಲಸಗಾರರೊಬ್ಬರು ಭುಜದ ಆಪರೇಷನ್ ಆದ ಮೇಲೆ ಒಂದು ಕಿಲೋ ಡಂಬೆಲ್ಲಿನಲ್ಲಿ ರಟ್ಟೆ ಉಳಿಸಿಕೊಂಡು ಮತ್ತೆ ಲೇತಿನ ಮುಂದೆ ಕೂತರು.

ಕನಕಪುರದ ಹುಡುಗನೊಬ್ಬ ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ ತಯಾರಿ ನಡೆಸಿದ್ದಾನೆ. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಗುಂಡು ಎಸೆಯಬೇಕು, ಉದ್ದ ಇಲ್ಲವೇ ಎತ್ತರ ಜಿಗಿಯಬೇಕು. ಗಟ್ಟಿ ಮಂಡಿ, ಇಪ್ಪತ್ತೆರಡರ ವಯಸ್ಸು. ಬಂದವನೇ ಪಟ್ಟಿ ಕೇಳಿದ. ಬಾರ್ ತೋರಿಸಿದೆ. “ನನ್ಗೆ ಯಾವತ್ತಣ್ಣ ಕಟ್ಟೋದು?” ಅಂದ.

“ಮಂಡಿ ಹೋದಾಗ ಬಾ” ಅಂದೆ. ಹುಡುಗ ಬೇಜಾರಿನಲ್ಲೇ ಬಾರ್‌ಗೆ ಪ್ಲೇಟು ಏರಿಸಿದ.